ಹೇಗಿದ್ರೂ ಮನೇಲೇ ಇರ್ತೀಯಲ್ಲ

ಮೆಗಾ ಬ್ಲಾಕ್ ಅಂದರೆ ನಮ್ಮ ಮನೆಯಲ್ಲಿ ಚಹಾಪುಡಿ ಮುಗಿಯುವ ದಿನ. ಭಾನುವಾರ ರೈಲ್ವೆಯವರು ಹಳಿ ರಿಪೇರಿಗೆ ಅಂತ ಮುಂಬೈ ಲೋಕಲ್ ರೈಲಿನ ಲೈನ್ ಬಂದ್ ಮಾಡುತ್ತಾರೆ. ಮಾಟುಂಗಕ್ಕೆ ಹೊರಟವರು ಡೊಂಬಿವಲಿ ಸ್ಟೇಷನ್ ತನಕ ಹೋಗಿ, ಪ್ಲಾಟ್‌ಫಾರ್ಮಿನ ಜನ ನೋಡಿ, ಅಲ್ಲಿಂದ ಸೀದಾ ನನ್ನ ಮನೆಗೆ ಬರುತ್ತಾರೆ. ಬರ್ತೀವಿ ಅಂತ ಫೋನ್ ಮಾಡುವ ಪದ್ಧತಿ ಇಲ್ಲ. ಬಾಗಿಲು ತೆಗೆದ ಮೇಲೆ "ನೀನು ಹೇಗಿದ್ರೂ ಮನೇಲೇ ಇರ್ತೀಯಲ್ಲ" ಅಂದರೆ ಆಯಿತು.

ಮೊನ್ನೆಯೂ ಹಾಗೇ. ಮಾಟುಂಗದಲ್ಲಿರುವ ಕನ್ನಡಿಗರ ಮೈಸೂರು ಅಸೋಸಿಯೇಷನ್‌ನಲ್ಲಿ ನಾಟಕ ಅಂತ ಹೊರಟಿದ್ದ ವಿಜಯಕ್ಕ, ಶೇಖರಣ್ಣ ಇಬ್ಬರೂ ಹನ್ನೊಂದೂವರೆಗೆ ಒಳಗೆ ಬಂದು ಚಪ್ಪಲಿ ಬಿಟ್ಟರು. ವಿಜಯಕ್ಕ ಧಾರವಾಡದವರು, ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಶೇಖರಣ್ಣನ ಊರು ಉಡುಪಿ ಕಡೆ. ಸ್ಟೇಷನ್ ರೋಡಿನಲ್ಲಿ ಅವರದೊಂದು ಸಣ್ಣ ಹೋಟೆಲ್ ಇದೆ.

"ಅಸೋಸಿಯೇಷನ್ 1926ರಿಂದ ಇದೆ. ಇನ್ನೊಂದು ವಾರ ಕಾದ್ರೆ ಓಡಿ ಹೋಗಲ್ಲ," ಅಂದೆ.

"ಅಸೋಸಿಯೇಷನ್ ಓಡಲ್ಲ. ಲೋಕಲ್ಲೂ ಓಡ್ತಾ ಇಲ್ಲ," ಅಂದರು ಶೇಖರಣ್ಣ. ಆಮೇಲೆ ಸುತ್ತ ನೋಡಿದರು. "ಪುಚ್ಚೆ ಎಲ್ಲಿ ಉಂಟು?"

ಪುಚ್ಚೆ ಅಂದರೆ ತುಳುವಿನಲ್ಲಿ ಬೆಕ್ಕು. ನನ್ನ ಬೆಕ್ಕಿಗೆ ಒಂದು ಹೆಸರಿದೆ, ಬಾಕಿ. ಕೆಳಗೆ ಮೀಟರ್ ಬಾಕ್ಸಿನ ಹಿಂದೆ ಒಂದು ತಾಯಿಬೆಕ್ಕು ನಾಲ್ಕು ಮರಿ ಹಾಕಿತ್ತು. ಮೂರನ್ನು ಮೂರು ಮನೆಯವರು ಎತ್ತಿಕೊಂಡು ಹೋದರು. ವಾಚ್‌ಮನ್ ಬಂದು "ಏಕ್ ಬಾಕಿ ಹೈ" ಅಂದ. ಅದೇ ಹೆಸರಾಯಿತು. ಹೆಸರಿಡುವಾಗ ಅದನ್ನು ಮುಂದೆ ಕೂಗಿ ಕರೆಯಬೇಕಾಗುತ್ತೆ ಅಂತ ಯೋಚಿಸಿರಲಿಲ್ಲ.

ಬಾಕಿ ನನ್ನ ಡ್ರಾಯಿಂಗ್ ಟ್ಯಾಬ್ಲೆಟ್ ಮೇಲೆ ಮಲಗಿತ್ತು. ಬಿಸಿ ಇರುವ ಜಾಗ ಬೆಕ್ಕಿಗೆ ಹೇಗೋ ಗೊತ್ತಾಗುತ್ತೆ. ಅದರ ಬಾಲ ಸ್ಕ್ರೀನಿನ ಮೇಲಿತ್ತು. ಬಾಲದ ಕೆಳಗೆ ಸೋಮವಾರ ಬೆಳಿಗ್ಗೆ ಕೊಡಬೇಕಾದ ಕೆಲಸ ಇತ್ತು.

"ಭಾನುವಾರಾನೂ ಕೆಲಸ ಏನವ್ವಾ?" ಅಂದರು ವಿಜಯಕ್ಕ.

ಕೆಲಸ ಏನು ಅಂತ ಹೇಳಿಬಿಡುತ್ತೇನೆ. ನಾನು ಅಕ್ಷರ ಬರೆಯುವವಳು. ಬೋರ್ಡು, ಪುಸ್ತಕದ ಮುಖಪುಟ, ಪ್ಯಾಕೆಟ್ಟು, ಮದುವೆ ಕಾಗದ, ಏನು ಬಂದರೂ ಸರಿ. ಮುಂಬೈಯಲ್ಲಿ ಕನ್ನಡ ಜಾಹೀರಾತು ತಯಾರಾಗುವುದು ಹೀಗೆ: ಒಬ್ಬರು ಅನುವಾದ ಮಾಡಿ ಕಳಿಸುತ್ತಾರೆ, ಕನ್ನಡ ಬರದ ಇನ್ನೊಬ್ಬರು ಅದನ್ನು ಅಂಟಿಸುತ್ತಾರೆ, ಕನ್ನಡ ಬರದ ಮತ್ತೊಬ್ಬರು ಚೆನ್ನಾಗಿದೆ ಅನ್ನುತ್ತಾರೆ. ಸಾಫ್ಟ್‌ವೇರಿನ ಸೆಟ್ಟಿಂಗ್ ತಪ್ಪಿದ್ದರೆ ಒತ್ತಕ್ಷರವೆಲ್ಲ ಬಿಚ್ಚಿಕೊಳ್ಳುತ್ತೆ. ಹಳೇ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ್ದನ್ನು ಯೂನಿಕೋಡ್ ಫಾಂಟಿಗೆ ಹಾಕಿದರಂತೂ ಕನ್ನಡವೇ ಹೋಗಿ ಇಂಗ್ಲಿಷ್ ಅಕ್ಷರ, ಚಿಹ್ನೆಗಳ ಚಿತ್ರಾನ್ನ. ಅದನ್ನೆಲ್ಲ ಸರಿ ಮಾಡೋದು ನನ್ನ ಹೊಟ್ಟೆಪಾಡು. ಈ ಸಲ ಒಂದು ಮಸಾಲೆ ಪ್ಯಾಕೆಟ್ಟಿನ ಮೇಲೆ 'ಸ್ವಾದಿಷ್ಟ' ಅನ್ನೋದು 'ಸ್‌ವಾದಿಷ್‌ಟ' ಆಗಿ ನಿಂತಿತ್ತು.

"ಓದಿದ್ರೆ ನಾಲಿಗೆ ಸುಟ್ಟ ಹಾಗೆ ಉಂಟು. ಮಸಾಲೆಗೆ ಸರಿಯೇ ಇದೆಯಲ್ಲ ಮಾರಾಯ್ತಿ," ಅಂದರು ಶೇಖರಣ್ಣ.

"ನಾನು ಸರಿ ಮಾಡಿ ಕಳಿಸಿದೆ. ಅವರು ಏನಂದ್ರು ಗೊತ್ತಾ? ಅಕ್ಷರದ ಕೆಳಗೆ ಏನೋ ನೇತಾಡ್ತಾ ಇದೆ, ತೆಗೆದುಹಾಕಿ ಅಂತ."

"ಒತ್ತು ತೆಗೆಯೋದಾ?"

"ಹ್ಞೂಂ. ಕನ್ನಡಕ್ಕೆ ಬಾಲ ಜಾಸ್ತಿ, ಲೇಔಟ್ ಹಾಳಾಗುತ್ತೆ ಅಂತೆ. ಮರಾಠಿಗೆ ಇರೋ ಹಾಗೆ ಮೇಲೊಂದು ಗೆರೆ ಎಳೆದರೆ ನೀಟಾಗಿ ಕಾಣುತ್ತಲ್ವಾ ಅಂತಾನೂ ಕೇಳಿದ್ರು. ನಮ್ಮಲ್ಲಿ ತಲಕಟ್ಟು ಇದೆ ಸಾರ್, ಒಂದೊಂದು ಅಕ್ಷರಕ್ಕೂ ಅದರದೇ ಟೋಪಿ, ಸಾಲಿಗೆಲ್ಲ ಸೇರಿ ಒಂದೇ ಚಾವಣಿ ಅಲ್ಲ ಅಂದೆ."

"ಅದಕ್ಕೆ ಏನಂದ್ರು?"

"ಟೋಪಿ ದೊಡ್ಡದು ಮಾಡಿ ಅಂದ್ರು."

ಅಷ್ಟರಲ್ಲಿ ಗುರು ಬಂದ. ಪಕ್ಕದ ಬಿಲ್ಡಿಂಗಿನವನು, ಮೈಸೂರಿನ ಹುಡುಗ, ಫೋರ್ಟ್‌ನಲ್ಲಿ ಯಾವುದೋ ಆಫೀಸಿನ ಲೆಕ್ಕಪತ್ರ ನೋಡುತ್ತಾನೆ. ಜೊತೆಗೆ ಅವನ ಬೀದಿನಾಯಿ ಸ್ಲೋ. ಡೊಂಬಿವಲಿಯಲ್ಲಿ ಇದ್ದವರಿಗೆ ಈ ಹೆಸರನ್ನು ಬಿಡಿಸಿ ಹೇಳಬೇಕಿಲ್ಲ. ಫಾಸ್ಟ್ ಲೋಕಲ್ ಕೆಲವೇ ಸ್ಟೇಷನ್‌ನಲ್ಲಿ ನಿಲ್ಲುತ್ತೆ. ಸ್ಲೋ ಎಲ್ಲ ಕಡೆ ನಿಲ್ಲುತ್ತೆ. ಈ ನಾಯಿ ಒಂದು ಕಂಬವನ್ನೂ ಬಿಡುವುದಿಲ್ಲ.

ಬಾಕಿ ಒಂದೇ ನೆಗೆತಕ್ಕೆ ಕಪಾಟಿನ ಮೇಲೆ ಹೋಗಿ ಕೂತಿತು. ಹೋಗುವಾಗ 'ಸ್ವಾದಿಷ್ಟ'ದ ಮೇಲೆ ಉದ್ದಕ್ಕೆ ಒಂದು ಗೆರೆ ಎಳೆದಿತ್ತು. ಕಂಪನಿಯವರು ಕೇಳಿದ ಹಾಗೇ.

"ಭಾನುವಾರ ಕೆಲಸ ಮಾಡ್ತೀಯಾ ಸರಿ, ಬುಧವಾರ ಮಧ್ಯಾಹ್ನ ನಿದ್ದೆ ಮಾಡ್ತಿರಲಿಲ್ವಾ?" ಗುರು ಚಹಾ ಕೈಗೆ ಬರುವ ಮೊದಲೇ ಶುರು ಮಾಡಿದ. "ನಾನು ದಿನಾ ಒಂದು ಗಂಟೆಗೂ ಜಾಸ್ತಿ ನೇತಾಡ್ಕೊಂಡು ಹೋಗ್ತೀನಿ. ನಿನಗೆ ಹಾಸಿಗೆಯಿಂದ ಮೇಜಿಗೆ ಮೂರು ಹೆಜ್ಜೆ."

"ಆ ಮೂರು ಹೆಜ್ಜೆ ದಾಟೋದು ಎಷ್ಟು ಕಷ್ಟ ಅಂತ ಗೊತ್ತಾ?" ಅಂದೆ. ಬಾಗಿಲ ಪಕ್ಕದ ಮೊಳೆಗಳ ಕಡೆ ಕೈ ತೋರಿಸಿದೆ. ಅಲ್ಲಿ ಹನ್ನೊಂದು ಮನೆಗಳ ಬೀಗದ ಕೈ ನೇತಾಡುತ್ತಿವೆ. ನಮ್ಮ ಸೊಸೈಟಿಯಲ್ಲಿ ಯಾರ ಮನೆಗೆ ಪಾರ್ಸೆಲ್ ಬಂದರೂ ನನ್ನ ಬೆಲ್ ಹೊಡೆಯುತ್ತೆ. ಗ್ಯಾಸ್ ಸಿಲಿಂಡರ್ ನನ್ನ ಬಾಗಿಲಲ್ಲಿ. ನೀರಿನ ಫಿಲ್ಟರ್ ರಿಪೇರಿಯವನಿಗೆ ನಾನೇ ಬಾಗಿಲು ತೆಗೆಯಬೇಕು. ಎರಡನೇ ಮಹಡಿಯ ಹುಡುಗನ ಸ್ಕೂಲ್ ಪ್ರಾಜೆಕ್ಟಿಗೆ ಜ್ವಾಲಾಮುಖಿ ಬರೆದುಕೊಡಬೇಕು. ಗಣಪತಿ ಹಬ್ಬಕ್ಕೆ ಸೊಸೈಟಿ ಮಂಟಪದ ಹಿಂದಿನ ಪರದೆ ಪ್ರತಿ ವರ್ಷ ನನ್ನದೇ, ಪುಕ್ಕಟೆ. ಪ್ರಸಾದಕ್ಕೆ ಒಂದು ಮೋದಕ ಜಾಸ್ತಿ ಕೊಡುತ್ತಾರೆ, ಅದನ್ನು ಇಲ್ಲ ಅನ್ನಬಾರದು.

"ಕೆಲಸ ಅಂದ್ರೆ ಕಣ್ಣಿಗೆ ಕಾಣಬೇಕು," ಅಂದರು ಶೇಖರಣ್ಣ. "ನಾನು ಬೆಳಿಗ್ಗೆ ಐದಕ್ಕೆ ಶಟರ್ ಎತ್ತುತ್ತೇನೆ. ಇಡ್ಲಿ ಎಷ್ಟು ಹೋಯ್ತು, ಲೆಕ್ಕ ಉಂಟು. ನಿನ್ನದು ಎಂತದು ಲೆಕ್ಕ? ಒಂದು 'ಅ'ಗೆ ಎಷ್ಟು, ಒಂದು 'ಆ'ಗೆ ಎಷ್ಟು?"

"ಒತ್ತಕ್ಷರಕ್ಕೆ ಡಬಲ್ಲಾ?" ಅಂದ ಗುರು.

ವಿಜಯಕ್ಕ ಕನ್ನಡಕ ಸರಿ ಮಾಡಿಕೊಂಡರು. "ಗುರು, ಇವಳು ಪ್ರೊಫೆಷನಲ್ ಟ್ಯಾಕ್ಸ್ ಕಟ್ತಾಳೇನೋ?"

"ಕಟ್ತಾಳೆ. ನಾನೇ ಕಟ್ಟಿಸಿದ್ದು. ವರ್ಷಕ್ಕೆ 2500."

"ಹಂಗಿದ್ರ ಮುಗೀತು. ಮಹಾರಾಷ್ಟ್ರ ಸರ್ಕಾರಾನೇ ಇದನ್ನ ಕೆಲಸ ಅಂತ ಒಪ್ಪಿಕೊಂಡದ. ನೀವ್ಯಾರು ಕೇಳೋಕ?"

ನನಗೆ ಕಣ್ಣಲ್ಲಿ ನೀರೇ ಬಂತು. ಹತ್ತು ವರ್ಷದಲ್ಲಿ ನನ್ನಮ್ಮನೂ ಇಷ್ಟು ಗಟ್ಟಿಯಾಗಿ ಹೇಳಿರಲಿಲ್ಲ. ಅಮ್ಮ ಇವತ್ತಿಗೂ ಊರಲ್ಲಿ ಯಾರಾದರೂ ಕೇಳಿದರೆ "ಏನೋ ಚಿತ್ರ ಬಿಡಿಸ್ತಾಳೆ, ಕಂಪ್ಯೂಟರ್ ಇದೆ" ಅನ್ನುತ್ತಾಳೆ. ಕಂಪ್ಯೂಟರ್ ಇದೆ ಅನ್ನೋದು ಸ್ವಲ್ಪ ಮರ್ಯಾದೆಗೆ.

ಧೈರ್ಯ ಬಂದು ಶೇಖರಣ್ಣನ ಕಡೆ ತಿರುಗಿದೆ. "ನಿಮ್ಮ ಹೋಟೆಲಿಗೆ ನನ್ನ ಗಿರಾಕಿಗಳು ಬಂದರೆ ಏನಾಗುತ್ತೆ ಹೇಳ್ತೀನಿ, ಕೇಳಿ. ಮೊದಲು, ಮೂರು ಥರದ ಇಡ್ಲಿ ಮಾಡಿ ತೋರಿಸಿ, ಹಿಡಿಸಿದರೆ ಒಂದಕ್ಕೆ ದುಡ್ಡು ಕೊಡ್ತೀವಿ ಅಂತಾರೆ. ತೋರಿಸ್ತೀರಿ. ಇನ್ನೂ ಸ್ವಲ್ಪ ಗುಂಡಗೆ ಇರಲಿ ಅಂತಾರೆ. ಮಾಡ್ತೀರಿ. ಚಟ್ನಿ ನೀಲಿ ಬಣ್ಣದಲ್ಲಿ ಸಿಗುತ್ತಾ ಅಂತಾರೆ. ಮನೆಗೆ ತಗೊಂಡು ಹೋಗಿ ಹೆಂಡತಿಗೆ, ಭಾವಮೈದುನನಿಗೆ ತೋರಿಸ್ತಾರೆ. ವಾರ ಬಿಟ್ಟು ಬಂದು, ಎಲ್ಲರಿಗೂ ಮೊದಲನೇ ಇಡ್ಲಿನೇ ಇಷ್ಟ ಆಯ್ತು, ಅದನ್ನೇ ಬಿಸಿ ಮಾಡಿ ಕೊಡಿ ಅಂತಾರೆ."

"ಅಯ್ಯೋ ದೇವರೇ."

"ಇನ್ನೂ ಮುಗಿದಿಲ್ಲ. ತಿಂದು ಕೈ ತೊಳ್ಕೊಂಡು, ದುಡ್ಡು ತೊಂಬತ್ತು ದಿನ ಬಿಟ್ಟು, ನಮ್ಮ ಅಕೌಂಟ್ಸ್‌ನವರು ರಜದಲ್ಲಿದ್ದಾರೆ ಅಂತಾರೆ. ಸಣ್ಣ ಗಿರಾಕಿಯಾದ್ರೆ ದುಡ್ಡೇ ಇಲ್ಲ. ನಿಮ್ಮ ಇಡ್ಲಿ ತಿಂದೆ ಅಂತ ನಾಲ್ಕು ಜನಕ್ಕೆ ಹೇಳ್ತೀನಿ, ನಿಮಗೇ ಹೆಸರು ಬರುತ್ತೆ ಅಂತಾರೆ."

ಶೇಖರಣ್ಣ ನಗಲಿಲ್ಲ. ಅವರು ಇಂಥದಕ್ಕೆ ತೊಡೆ ತಟ್ಟಿಕೊಂಡು ನಗುವ ಜನ. ಸುಮ್ನೆ ಕಪ್ಪಿನ ತಳ ನೋಡುತ್ತಾ ಕೂತರು. ಪಾಪ, ಹೋಟೆಲಿನವರಿಗೆ ಇಡ್ಲಿಯ ಅವಮಾನ ತಡೆಯಲಾಗಲಿಲ್ಲ ಅಂದುಕೊಂಡೆ.

ಗುರುವಿಗೆ ಮಾತ್ರ ಲೆಕ್ಕದ ಮಾತು ಬಂದ ಕೂಡಲೇ ಬೆನ್ನು ನೆಟ್ಟಗಾಯಿತು. "ತೊಂಬತ್ತು ದಿನ ಅಂದ್ರೆ ನೀನು ಒಪ್ಪಿಕೊಳ್ಳೋದ್ಯಾಕೆ? ಸಣ್ಣ ಉದ್ಯಮದವರಿಗೆ ಅಂತ 2006ರ ಎಂಎಸ್‌ಎಂಇ ಕಾಯ್ದೆ ಇದೆ. ನೀನು ಸರ್ಕಾರದ ಉದ್ಯಮ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿದ್ದೀಯ. ಬರೆದುಕೊಟ್ಟ ಒಪ್ಪಂದ ಇದ್ದರೂ 45 ದಿನ ದಾಟೋ ಹಾಗಿಲ್ಲ. ದಾಟಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ರೇಟಿನ ಮೂರು ಪಟ್ಟು ಬಡ್ಡಿ. ಅದೂ ತಿಂಗಳು ತಿಂಗಳಿಗೆ ಚಕ್ರಬಡ್ಡಿ."

"ಮೂರು ಪಟ್ಟು!" ವಿಜಯಕ್ಕನಿಗೆ ರಿಟೈರ್ ಆಗಿದ್ದೇ ಮರೆತುಹೋಯಿತು. "ನಮ್ಮ ಊರಿನ ಸಾಹುಕಾರ ಕೇಳಿದ್ರ ನಾಚಿಕೋತಾನ."

"ಕೊಡದಿದ್ರೆ ಆನ್‌ಲೈನ್ ದೂರು ಕೊಡಬಹುದು. ಅದಕ್ಕಂತಲೇ ಸರ್ಕಾರದವರು ಒಂದು ಪೋರ್ಟಲ್ ಮಾಡಿದ್ದಾರೆ. ಸಮಾಧಾನ್ ಅಂತ."

"ಸಮಾಧಾನ ನಾನು ಹತ್ತು ವರ್ಷದಿಂದ ಮಾಡ್ಕೊಂಡೇ ಬಂದಿದ್ದೀನಲ್ಲೋ," ಅಂದೆ. "ಅದಕ್ಕೆ ಪೋರ್ಟಲ್ ಬೇರೆ ಬೇಕಾ?"

ನಿಜ ಹೇಳಬೇಕು ಅಂದರೆ, ನನಗೆ ದುಡ್ಡು ಕೇಳೋಕೆ ನಾಚಿಕೆ. ಒತ್ತು ತಪ್ಪಾಗಿದ್ದರೆ ಅರ್ಧ ಗಂಟೆ ಜಗಳ ಆಡುತ್ತೇನೆ. ದುಡ್ಡಿನ ಮಾತು ಬಂದರೆ "ನಿಧಾನಕ್ಕೆ ಕೊಡಿ, ಏನೂ ಅವಸರ ಇಲ್ಲ" ಅಂತ ಬಾಯಿಂದ ತಾನಾಗಿ ಬಂದುಬಿಡುತ್ತೆ. ಅವಸರ ಇರುತ್ತೆ. ಬೆಕ್ಕಿನ ಊಟದ ಚೀಲ ತಳ ಕಂಡಿರುತ್ತೆ.

ವಸೂಲಿ ವಿಷಯದಲ್ಲಿ ನನಗಿಂತ ಬಾಕಿ ವಾಸಿ. ಹೋದ ತಿಂಗಳು ಒಬ್ಬ ಗಿರಾಕಿಗೆ ಲ್ಯಾಪ್‌ಟಾಪಿನಲ್ಲಿ ವಾಟ್ಸಾಪ್ ಬರೆಯುತ್ತಾ ಇದ್ದೆ. 'ಸಾರ್, ತೊಂದರೆ ಕೊಡ್ತಿದ್ದೀನಿ ಅಂದ್ಕೋಬೇಡಿ' ಅಂತ ಶುರು ಮಾಡಿ, ಅಳಿಸಿ, ಮತ್ತೆ ಬರೆದು, ಚಹಾ ಮಾಡಲು ಎದ್ದೆ. ವಾಪಸ್ ಬಂದಾಗ ಬಾಕಿ ಕೀಬೋರ್ಡಿನ ಮೇಲಿತ್ತು. ನನ್ನ ಸಾಲು ಇರಲಿಲ್ಲ. ಇಪ್ಪತ್ತೆಂಟು ಚುಕ್ಕಿ ಹೋಗಿದ್ದವು, ಬರೀ ಚುಕ್ಕಿ. ಕ್ಷಮೆ ಕೇಳೋಣ ಅಂತ ಕೈ ಹಾಕುವುದರೊಳಗೆ ಆ ಕಡೆಯಿಂದ ಉತ್ತರ: 'ಮೇಡಂ, ಕೋಪ ಬೇಡ, ಇವತ್ತೇ ಹಾಕ್ತೀವಿ.' ಸಂಜೆ ಹಣ ಬಂತು. ನೂರಕ್ಕೆ ಹತ್ತು ಟಿಡಿಎಸ್ ತೆರಿಗೆ ಹಿಡಿದುಕೊಂಡು, ಕ್ರಮವಾಗಿ.

"ಚುಕ್ಕಿಗೆ ಅಷ್ಟು ಹೆದರ್ತಾರಾ?" ವಿಜಯಕ್ಕ ಕಪಾಟಿನ ಕಡೆ ಗೌರವದಿಂದ ನೋಡಿದರು.

ಕಪಾಟಿನ ಮೇಲೆ ಯಾರೂ ಇರಲಿಲ್ಲ.

ಸ್ವಲ್ಪ ಹೊತ್ತಿನ ಹಿಂದೆ ಕೊರಿಯರ್‌ನವನು ನಾಲ್ಕನೇ ಮಹಡಿಯವರ ಮಿಕ್ಸರ್ ಕೊಟ್ಟು ಹೋಗಿದ್ದ. ಬಾಗಿಲು ತೆರೆದೇ ಇತ್ತು. ಸ್ಲೋ ನಮ್ಮ ಮುಖ ನೋಡಿ ಬಾಲ ಮುದುರಿಕೊಂಡಿತು. ತಾನೇನೂ ಮಾಡಿಲ್ಲ ಅನ್ನುವವರ ಥರ.

ನನಗೆ ಕೈಕಾಲು ಆಡಲಿಲ್ಲ. ಹೋದ ಮಳೆಗಾಲದಲ್ಲಿ ಹೀಗೇ ಓಡಿಹೋಗಿ, ಕಾಲು ಮುರಿದುಕೊಂಡು ಬಂದಿತ್ತು. ಆಗ ಶೇಖರಣ್ಣನ ಹೋಟೆಲಿನ ತೆಂಗಿನಕಾಯಿ ಟೆಂಪೋದಲ್ಲೇ ಪರೇಲ್‌ಗೆ ಕರೆದುಕೊಂಡು ಹೋಗಿದ್ದೆವು. ಅಲ್ಲಿನ ಬಾಯಿ ಸಾಕರ್‌ಬಾಯಿ ದಿನ್‌ಶಾ ಪೆಟಿಟ್ ಪ್ರಾಣಿಗಳ ಆಸ್ಪತ್ರೆ ಬ್ರಿಟಿಷರ ಕಾಲದ್ದು. ದಾರಿಯುದ್ದಕ್ಕೂ ಶೇಖರಣ್ಣ ಅದನ್ನು 'ಪೆಟ್' ಆಸ್ಪತ್ರೆ ಅಂದುಕೊಂಡಿದ್ದರು. ಪೆಟಿಟ್ ಅನ್ನೋದು ಪಾರ್ಸಿಗಳ ಮನೆತನದ ಹೆಸರು ಅಂತ ಬೋರ್ಡು ಓದಿದ ಮೇಲೆ ಗೊತ್ತಾಯಿತು. ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಕೂತವರು ಅವರೇ. ಟೆಂಪೋ ಬಾಡಿಗೆ ಕೊಡ್ತೀನಿ ಅಂದರೆ ಬೈದರು. ಮನುಷ್ಯ ಒಳ್ಳೆಯವರು, ಅದರಲ್ಲಿ ಎರಡು ಮಾತಿಲ್ಲ.

ನಾಲ್ವರೂ ಮೆಟ್ಟಿಲಿಗೆ ಇಳಿದೆವು. ವಿಜಯಕ್ಕ ಮೇಲಕ್ಕೆ, ಗುರು ಕೆಳಕ್ಕೆ, ನಾನು ಮಧ್ಯದಲ್ಲಿ.

"ಬಾಕೀ!"

"ಬಾಕೀ, ಬಾ ಇಲ್ಲಿ!"

"ಬಾಕಿ ಎಲ್ಲಿ? ಬಾಕೀ!"

ಭಾನುವಾರ ಮಧ್ಯಾಹ್ನ. ಎಲ್ಲರ ಮನೆಯಲ್ಲೂ ಊಟ ಮುಗಿದು ಫ್ಯಾನ್ ತಿರುಗುವ ಹೊತ್ತು. ವಿಜಯಕ್ಕನ ಗಂಟಲು ಬ್ಯಾಂಕಿನ ಕೌಂಟರಿನಲ್ಲಿ ಪಳಗಿದ್ದು. ಅವರು ಬಾಕಿ ಅಂದರೆ ನೋಟಿಸ್ ಬಂದ ಹಾಗೇ ಇರುತ್ತೆ.

ಮೂರನೇ ಮಹಡಿಯಲ್ಲಿ ಒಂದು ಬಾಗಿಲು ತೆರೆಯಿತು. ಬನಿಯನ್ ಹಾಕಿಕೊಂಡ ಕಾಕಾ ಹೊರಗೆ ಬಂದರು. ಎರಡು ವರ್ಷದ ಹಿಂದೆ ಅವರ ಮಗಳ ಮದುವೆ ಕಾಗದ ನಾನೇ ಮಾಡಿಕೊಟ್ಟಿದ್ದೆ. ಆಮೇಲೆ ಯಾಕೋ ನಾನು ಲಿಫ್ಟಿನಲ್ಲಿದ್ದರೆ ಅವರು ಮೆಟ್ಟಿಲು ಹತ್ತುತ್ತಿದ್ದರು. ಡಾಕ್ಟರು ಹೇಳಿರಬೇಕು, ನಡೆಯೋದು ಒಳ್ಳೇದು ಅಂದುಕೊಂಡಿದ್ದೆ.

ಕಾಕಾ ನನ್ನನ್ನು ನೋಡಿದರು. ಮೇಲಿನ ಮೆಟ್ಟಿಲಲ್ಲಿ ಸೊಂಟಕ್ಕೆ ಕೈಯಿಟ್ಟು ನಿಂತ ವಿಜಯಕ್ಕನನ್ನು ನೋಡಿದರು. ಕೆಳಗೆ ನಾಯಿ ಹಿಡಿದುಕೊಂಡು ನಿಂತ ಗುರುವನ್ನು ನೋಡಿದರು.

"ಅಹೋ, ಇಷ್ಟು ಜನ ಯಾಕೆ ಕರ್ಕೊಂಡು ಬಂದಿ?" ಅಂತ ಮರಾಠಿಯಲ್ಲಿ ಮೆಲ್ಲಗೆ ಕೇಳಿದರು. "ಒಂದನೇ ತಾರೀಖಿಗೆ ಪಕ್ಕಾ. ನಾಯಿ ಬೇಡ."

ಅವರ ಕಾಲುಗಳ ನಡುವಿನಿಂದ ಬಾಕಿ ಹೊರಗೆ ಬಂತು. ಬಾಯಿಯ ಸುತ್ತ ಬಂಗಡೆಯ ವಾಸನೆ.

ನಾನು ಎಂದಿನಂತೆ "ಏನೂ ಅವಸರ ಇಲ್ಲ ಕಾಕಾ" ಅನ್ನಲು ಬಾಯಿ ತೆರೆದೆ. ವಿಜಯಕ್ಕ ಮೇಲಿನಿಂದಲೇ ಕಣ್ಣು ಬಿಟ್ಟರು. ಬಾಯಿ ಮುಚ್ಚಿಕೊಂಡೆ. ಇಪ್ಪತ್ತೆಂಟು ಚುಕ್ಕಿ ಅಂದರೆ ಇಷ್ಟೇ ಇರಬೇಕು.

ಕಾಕಾ ಬಾಗಿಲು ಹಾಕಿಕೊಂಡರು. ಮೆಟ್ಟಿಲಲ್ಲಿ ಈಗ ಒಂದೇ ದನಿ ಉಳಿದಿತ್ತು. ಕೆಳಗಿನ ಪಾರ್ಕಿಂಗಿನಿಂದ, ತುಂಬಾ ಸಣ್ಣಗೆ.

"ಪುಚ್ಚೇ... ಪುಚ್ಚೇ..."

ಗುರು ಕಟಕಟೆಯಿಂದ ಕೆಳಗೆ ಬಗ್ಗಿದ. "ಶೇಖರಣ್ಣಾ, ಸಿಕ್ತು ಬನ್ನಿ. ಅಲ್ಲಾ, ನೀವು ಯಾವತ್ತೂ ಅದರ ಹೆಸರು ಹಿಡಿದು ಕರೆಯಲ್ಲವಲ್ಲ, ಯಾಕೆ?"

2022ರಲ್ಲಿ ಮಹಾರಾಷ್ಟ್ರದ ಅಂಗಡಿಗಳ ಕಾನೂನು ತಿದ್ದುಪಡಿಯಾಯಿತು. ಬೋರ್ಡು ಮರಾಠಿಯಲ್ಲಿರಬೇಕು, ಬೇರೆ ಲಿಪಿ ಅದಕ್ಕಿಂತ ದೊಡ್ಡದಿರಬಾರದು ಅಂತ. ಆಗ ಸ್ಟೇಷನ್ ರೋಡಿನ ಒಂದು ಹೋಟೆಲಿನ ಬೋರ್ಡನ್ನು ಪೂರ್ತಿ ಹೊಸದಾಗಿ ಬರೆದುಕೊಟ್ಟವಳು ನಾನು. ಮೇಲೆ ಮರಾಠಿ, ಕೆಳಗೆ ಕನ್ನಡ, ಒಳಗಿನ ತಿಂಡಿ ಪಟ್ಟಿ ಸಮೇತ. ಅದು ನನಗೆ ಆ ಕ್ಷಣದಲ್ಲೇ ನೆನಪಾಯಿತು.

ಶೇಖರಣ್ಣ ವಾಚ್ ನೋಡಿಕೊಂಡರು.

"ಮೆಗಾ ಬ್ಲಾಕ್ ಮುಗಿದಿರಬೇಕು," ಅಂದರು. "ನಾನಿನ್ನು ಹೊರಡ್ತೇನೆ."