ನೂರು ವರ್ಷ ದಾಟಿದ ಕ್ಲಬ್ಬಿನವರು ಬೆಟ್ಟಕ್ಕೆ ಕರೆದಿದ್ದಾರೆ, ಹೋಗಲೇ?

ಹೊಸಬಳು, ಲ್ಯಾಂಕಾಸ್ಟರ್

ನಮಸ್ಕಾರ. ನಾನು ತುಮಕೂರಿನವಳು, ಇಲ್ಲಿ ಇಂಗ್ಲೆಂಡಿನ ಆಸ್ಪತ್ರೆಯೊಂದರಲ್ಲಿ ನರ್ಸ್. ಬಂದು ಹದಿನಾಲ್ಕು ತಿಂಗಳಾಯಿತು. ಡ್ಯೂಟಿ ಇಲ್ಲದ ಸಂಜೆ ಒಳಾಂಗಣದ ಕ್ಲೈಂಬಿಂಗ್ ಗೋಡೆಗೆ ಹೋಗುತ್ತೇನೆ. ಅಲ್ಲಿ ನನ್ನ ಹಗ್ಗ ಹಿಡಿಯುವ ಹೆಂಗಸಿಗೆ ಅರವತ್ತಾರು ವರ್ಷ. ನಾನು ಅರ್ಧದಲ್ಲೇ ಕೈಸೋತು ಜೋತಾಡುವ ಗೋಡೆಯನ್ನು ಅವರು ಮಾತನಾಡುತ್ತಲೇ ಹತ್ತಿ ಇಳಿಯುತ್ತಾರೆ.

ಅವರು ಬೆಟ್ಟ, ಬಂಡೆ ಹತ್ತುವವರ ಫೆಲ್ ಅಂಡ್ ರಾಕ್ ಕ್ಲೈಂಬಿಂಗ್ ಕ್ಲಬ್ಬಿನ ಸದಸ್ಯೆ. ನವೆಂಬರ್ ಎರಡನೆಯ ಭಾನುವಾರ, ಉತ್ತರ ಇಂಗ್ಲೆಂಡಿನ ಬೆಟ್ಟ-ಸರೋವರಗಳ ಸೀಮೆಯಾದ ಲೇಕ್ ಡಿಸ್ಟ್ರಿಕ್ಟಿನಲ್ಲಿ, ಗ್ರೇಟ್ ಗೇಬಲ್ ಬೆಟ್ಟದ ತುದಿಯಲ್ಲಿ ಯುದ್ಧದಲ್ಲಿ ಸತ್ತವರ ಸ್ಮರಣೆ ಇದೆ, ಹಿಂದಿನ ಎರಡು ರಾತ್ರಿ ಕ್ಲಬ್ಬಿನ ಹಟ್‌ನಲ್ಲಿ ಉಳಿಯಬಹುದು, ನನ್ನ ಅತಿಥಿಯಾಗಿ ಬಾ ಎಂದು ಕರೆದಿದ್ದಾರೆ. ಹೂಂ ಎಂದುಬಿಟ್ಟೆ. ಈಗ ಹೊಟ್ಟೆಯೊಳಗೆ ಕಸಿವಿಸಿ.

ಹಟ್ ಎಂದರೆ ಏನು, ನಮ್ಮ ಕಡೆಯ ಹಟ್ಟಿಯಂತೆಯೇ? ನಾನು ಮೊಟ್ಟೆಯನ್ನೂ ತಿನ್ನುವವಳಲ್ಲ, ಅಲ್ಲಿ ಏನು ಮಾಡಲಿ? ನನ್ನ ಜೊತೆ ಮನೆ ಹಂಚಿಕೊಂಡಿರುವ ಹುಡುಗಿ, 'ಕ್ಲಬ್ ಎಂದರೆ ಮುದುಕರ ಸಂಘ, ಹೋಗಿ ಹಳೆಯ ಕಥೆ ಕೇಳಿಕೊಂಡು ಬಾ' ಎಂದು ನಗುತ್ತಾಳೆ. ಎಲ್ಲಕ್ಕಿಂತ ದೊಡ್ಡ ಅನುಮಾನ ಇನ್ನೊಂದು. ಅದು ಅವರ ಸೈನಿಕರ ಸ್ಮಾರಕ. ನಾನು ಅಲ್ಲಿ ಯಾರೆಂದು ನಿಲ್ಲಲಿ?

ಮಾಗಡಿಯವನು, ಕೆಂಡಾಲ್

ಹೋಗಿ ತಾಯಿ. ಉಳಿದ ಮಾತು ಆಮೇಲೆ.

ನಾನು ಆ ಕ್ಲಬ್ಬಿನವನಲ್ಲ, ಇಲ್ಲಿನದೇ ಸಣ್ಣ ಕ್ಲಬ್ಬೊಂದರ ಸದಸ್ಯ. ಆದರೆ ಅತಿಥಿಯಾಗಿ ಅವರ ಹಟ್ಟಿಗಳಲ್ಲಿ ಮಲಗಿದ್ದೇನೆ, ಆ ಭಾನುವಾರ ಗೇಬಲ್ ಮೇಲೆ ಏಳು ಸಲ ನಿಂತಿದ್ದೇನೆ. ನೀವು ತಮಾಷೆಗೆ ಹಟ್ಟಿ ಎಂದಿರಿ, ನಾನು ಹತ್ತೊಂಬತ್ತು ವರ್ಷದಿಂದ ಹಾಗೆಯೇ ಕರೆಯುತ್ತಿದ್ದೇನೆ. ಕಲ್ಲಿನ ಗೋಡೆ, ಒಂದು ದೊಡ್ಡ ಅಡುಗೆಮನೆ, ಸಾಲಾಗಿ ಮಂಚದ ಮೇಲೆ ಮಂಚ, ಒದ್ದೆ ಬಟ್ಟೆ ಒಣಗಿಸಲು ಒಂದು ಕೋಣೆ. ಆ ಕೋಣೆಯ ಬಾಗಿಲು ತೆರೆದರೆ ಬರುವ ವಾಸನೆಗೆ ಕನ್ನಡದಲ್ಲಿ ಪದವಿಲ್ಲ, ಇಂಗ್ಲಿಷಿನಲ್ಲೂ ಇರಲಾರದು. ಮಲಗುವ ಚೀಲ ನೀವೇ ಒಯ್ಯಬೇಕು.

ಊಟಕ್ಕೆ ಹೆದರಬೇಡಿ, ಅವರವರ ಅಡುಗೆ ಅವರವರದು. ನನ್ನ ಮೊದಲ ಹಟ್ಟಿವಾಸದಲ್ಲಿ ರಾತ್ರಿ ಹತ್ತೂವರೆಗೆ ಚಿತ್ರಾನ್ನಕ್ಕೆ ಒಗ್ಗರಣೆ ಹಾಕಿದೆ. ಒಣಮೆಣಸಿನಕಾಯಿ ಸೀದು ಹೊಗೆಯ ಗಂಟೆ ಬಡಿದುಕೊಂಡಿತು. ನಿಯಮ ನಿಯಮವೇ, ಮಲಗಿದ್ದವರೂ ಸೇರಿ ಹದಿನೇಳು ಜನ ಕಾಲುಚೀಲದಲ್ಲಿ ಮಳೆಗೆ ಬಂದು ನಿಂತರು. ಒಬ್ಬರೂ ಬೈಯಲಿಲ್ಲ. ಒಳಗೆ ಬಂದ ಮೇಲೆ ಬಾಣಲೆ ಖಾಲಿ ಮಾಡಿದವರೂ ಅವರೇ. ಬೆಳಿಗ್ಗೆ ಚರಂಡಿಯ ಎಲೆ ತೆಗೆಯುವ ಕೆಲಸ ಮಾತ್ರ ಕೇಳದೆಯೇ ನನ್ನ ಪಾಲಿಗೆ ಬಂತು. ಆದ್ದರಿಂದ ಒಗ್ಗರಣೆಯನ್ನು ಮನೆಯಲ್ಲೇ ಮುಗಿಸಿ ಗೊಜ್ಜು ಡಬ್ಬಿಯಲ್ಲಿ ತನ್ನಿ, ಅಲ್ಲಿ ಅನ್ನ ಕಲಸಿದರಾಯಿತು.

ಹೊರಡುವ ದಿನ ಎಲ್ಲರೂ ಪೊರಕೆ ಹಿಡಿಯುತ್ತಾರೆ. ನಿವೃತ್ತ ಶಸ್ತ್ರವೈದ್ಯರೊಬ್ಬರು ಮಂಡಿಯೂರಿ ಪಾಯಿಖಾನೆ ಉಜ್ಜುವುದನ್ನು ನೋಡಿದ್ದೇನೆ. ನರ್ಸ್ ಆದ ನಿಮಗೆ ಈ ದೃಶ್ಯ ನನಗಿಂತ ಹೆಚ್ಚು ರುಚಿಸಬಹುದು.

ಮುದುಕರ ಸಂಘವೇ? ವಯಸ್ಸಾದವರು ಹೆಚ್ಚು ಎಂಬುದು ನಿಜ, ಸುಳ್ಳೇಕೆ ಹೇಳಲಿ. ಆದರೆ ನಿಮ್ಮ ಹಗ್ಗ ಹಿಡಿದಿರುವುದು ಯಾರ ಕೈ ಎಂದು ಆ ಹುಡುಗಿಗೆ ನೆನಪಿಸಿ. 1906ರಲ್ಲಿ ಹುಟ್ಟಿದ ಈ ಕ್ಲಬ್ಬಿಗೆ ಹೆಂಗಸರು ಮೊದಲಿನಿಂದಲೂ ಸದಸ್ಯರು. ಲಂಡನ್ನಿನ ಆಲ್ಪೈನ್ ಕ್ಲಬ್, 1857ರದ್ದು, ಹೆಂಗಸರಿಗೆ ಬಾಗಿಲು ತೆರೆದದ್ದು 1970ರ ದಶಕದಲ್ಲಿ. ಆ ಕಾಲಕ್ಕೆ ಈ ಕ್ಲಬ್ಬಿನ ಕೆಲವು ಹೆಂಗಸರು ಅಜ್ಜಿಯರಾಗಿದ್ದಿರಬೇಕು.

ಇನ್ನು ಕೆಲಸ. ಲೇಕ್ ಡಿಸ್ಟ್ರಿಕ್ಟಿನ ಬಂಡೆಗಳ ಕೈಪಿಡಿಗಳನ್ನು 1922ರಿಂದ ಈ ಕ್ಲಬ್ಬೇ ಹೊರತರುತ್ತಿದೆ, ಮೊದಲನೆಯದು ಕಾನಿಸ್ಟನ್ ಹತ್ತಿರದ ಡೋ ಕ್ರ್ಯಾಗ್ ಕುರಿತದ್ದು. ಯಾವ ಬಿರುಕಿನಿಂದ ಶುರು, ಎಲ್ಲಿ ಎಡಕ್ಕೆ ಸರಿಯಬೇಕು, ಎಷ್ಟು ಕಷ್ಟ ಎಂಬುದನ್ನು ಸದಸ್ಯರು ಹತ್ತಿ ನೋಡಿ ಬರೆಯುತ್ತಾರೆ. ಕೈಗೆ ಆಧಾರವಾದ ಕಲ್ಲೊಂದು ಕಿತ್ತು ಬಿದ್ದರೆ ವಾಕ್ಯ ಬದಲಾಗುತ್ತದೆ. ದರ್ಜೆಯ ಹೆಸರುಗಳನ್ನು ಮಾತ್ರ ನಂಬಬೇಡಿ. 'ವೆರಿ ಡಿಫಿಕಲ್ಟ್' ಎಂದರೆ ಇಲ್ಲಿ ಸುಲಭದ ಬಂಡೆ! ಅದರ ಮೇಲೆ 'ಸಿವಿಯರ್', ಅದರ ಮೇಲೆ 'ವೆರಿ ಸಿವಿಯರ್', ಆಮೇಲೆ ಇನ್ನೂ ದೂರ ಹೋಗುತ್ತದೆ. ಹೆಸರಿಟ್ಟ ಕಾಲದಲ್ಲಿ ಕಷ್ಟವಿತ್ತು, ಜನ ಚುರುಕಾದರು, ಹೆಸರು ಹಾಗೇ ಉಳಿಯಿತು.

ಬಂಡೆಯ ಸ್ವಭಾವವೂ ಬೇರೆ. ಸಾವನದುರ್ಗದ ಗ್ರಾನೈಟಿನಲ್ಲಿ ಹಿಡಿಯಲು ಏನೂ ಇರುವುದಿಲ್ಲ, ಅಂಗಾಲು ಒತ್ತಿ ನಂಬಿಕೆಯ ಮೇಲೆ ನಡೆಯಬೇಕು. ಇಲ್ಲಿ ಹಳೆಯ ಜ್ವಾಲಾಮುಖಿಯ ಕಲ್ಲು, ಅಂಚು, ಮೂಲೆ, ಬಿರುಕು ಬೇಕಾದಷ್ಟು, ಆದರೆ ವರ್ಷದ ಬಹುಪಾಲು ಒದ್ದೆ. ಇಲ್ಲಿನ ಬೆಟ್ಟದ ಬಂಡೆಗಳಿಗೆ ಹಗ್ಗ ಸಿಕ್ಕಿಸಲು ಕಾಯಂ ಬೋಲ್ಟ್ ಸಾಮಾನ್ಯವಾಗಿ ಹೊಡೆಯುವುದಿಲ್ಲ. ಮುಂದಿನವರು ಬಿರುಕಿಗೆ ಲೋಹದ ಬೆಣೆ ಸಿಕ್ಕಿಸುತ್ತ ಹೋಗುತ್ತಾರೆ, ಹಿಂದಿನವರು ಬಿಡಿಸುತ್ತ ಬರುತ್ತಾರೆ. ನಾನು ಮೊದಲ ಸಲ ಹಿಂದಿನವನಾಗಿದ್ದಾಗ ಹೆಬ್ಬೆರಳಿನಷ್ಟು ದಪ್ಪದ ಒಂದು ಬೆಣೆ ಇಪ್ಪತ್ತು ನಿಮಿಷ ಕಳಚಿಕೊಳ್ಳಲಿಲ್ಲ. ಎಳೆದೆ, ಬಡಿದೆ, ಮಾಗಡಿ ರಂಗನಾಥನಿಗೆ ಹರಕೆ ಹೊತ್ತೆ. ಮೇಲಿನಿಂದ 'ಹಿಂದಕ್ಕೆ ತಳ್ಳು' ಎಂಬ ಕೂಗು ಬಂತು. ತಳ್ಳಿದೆ, ತಾನಾಗಿ ಉದುರಿತು. ಬಂದ ದಾರಿಯಲ್ಲೇ ಅದನ್ನು ಕಳಿಸಬೇಕಂತೆ.

ಈಗ ನಿಮ್ಮ ದೊಡ್ಡ ಅನುಮಾನ. ಮೊದಲ ಮಹಾಯುದ್ಧದಲ್ಲಿ ಕ್ಲಬ್ಬಿನ ಇಪ್ಪತ್ತು ಜನ ಸತ್ತರು. ಅವರಲ್ಲಿ ಸೀಗ್‌ಫ್ರೀಡ್ ಹರ್ಫರ್ಡ್ ಒಬ್ಬ. 1914ರ ವಸಂತದಲ್ಲಿ ಸ್ಕಾಫೆಲ್ ಬೆಟ್ಟದ ಸೆಂಟ್ರಲ್ ಬಟ್ರೆಸ್ ಹತ್ತಿದವನು, ಆ ಕಾಲಕ್ಕೆ ಈ ದೇಶದಲ್ಲಿ ಅಷ್ಟು ಕಷ್ಟದ ಬಂಡೆ ಹತ್ತಿದವರು ಇರಲಿಲ್ಲ ಎನ್ನುತ್ತಾರೆ. 1916ರಲ್ಲಿ ಫ್ರಾನ್ಸಿನಲ್ಲಿ ಸತ್ತ. ಕ್ಲಬ್ಬಿನವರು ಪೇಟೆಯಲ್ಲಿ ಕಂಬ ನಿಲ್ಲಿಸಲಿಲ್ಲ. ಹಣ ಕೂಡಿಸಿ ಗೇಬಲ್ ಮತ್ತು ಸುತ್ತಲಿನ ಶಿಖರಗಳ ಮೇಲ್ಭಾಗವನ್ನು, ಸುಮಾರು ಮೂರು ಸಾವಿರ ಎಕರೆ, 1923ರಲ್ಲಿ ಕೊಂಡು, ಇಂಥ ಜಾಗಗಳನ್ನು ಜನರಿಗಾಗಿ ಕಾಯುವ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಬಿಟ್ಟುಕೊಟ್ಟರು. ಯಾರು ಬೇಕಾದರೂ ಹತ್ತಲಿ ಎಂದು. 1924ರ ಜೂನ್ 8ರಂದು ತುದಿಯ ಬಂಡೆಗೆ ಹೆಸರುಗಳ ಕಂಚಿನ ಫಲಕ ಹಾಕಿದರು. ಬೆಟ್ಟವನ್ನೇ ಎಲ್ಲರಿಗೂ ಕೊಟ್ಟವರ ಮುಂದೆ ಹೋಗಿ 'ನಾನು ಯಾರೆಂದು ನಿಲ್ಲಲಿ' ಎಂದು ಕೇಳುತ್ತೀರಾ?

ನನಗೆ ಹೆಚ್ಚು ಇಷ್ಟವಾದದ್ದು ಆಮೇಲಿನ ಕಥೆ. ಆ ಫಲಕದಲ್ಲಿ ಕೆಲವು ಹೆಸರು ತಪ್ಪಾಗಿದ್ದವು. 2013ರಲ್ಲಿ ಹಳೆಯದನ್ನು ಕೆಳಗಿಳಿಸಿ, ತಿದ್ದಿದ ಹೆಸರುಗಳ ಹೊಸ ಫಲಕವನ್ನು ಮೇಲೆ ಕೂರಿಸಿದರು. ನನ್ನ ಹೆಸರನ್ನು ಈ ದೇಶದಲ್ಲಿ ಹನ್ನೊಂದು ಬಗೆಯಲ್ಲಿ ಬರೆದಿದ್ದಾರೆ, ಕರೆಂಟ್ ಬಿಲ್ಲಿನಲ್ಲಿ ಒಂದು, ಹಲ್ಲಿನ ಡಾಕ್ಟರ ಚೀಟಿಯಲ್ಲಿ ಇನ್ನೊಂದು. ಫೋನ್ ಮಾಡಿ ತಿದ್ದಿಸುವುದನ್ನು ಬಿಟ್ಟು ವರ್ಷಗಳಾದವು. ಸತ್ತು ತೊಂಬತ್ತೇಳೆಂಟು ವರ್ಷವಾದವನ ಒಂದು ಅಕ್ಷರಕ್ಕಾಗಿ ಕಂಚನ್ನು ಮತ್ತೆ ಎರಕ ಹೊಯ್ದು ಬೆಟ್ಟ ಹತ್ತಿಸಿದರಲ್ಲ, ಆ ಜನರ ಹಟ್ಟಿಯಲ್ಲಿ ಪಾಯಿಖಾನೆ ತೊಳೆಯಲು ನನಗೆ ಬೇಸರವಿಲ್ಲ.

ಬಂಡೆಪ್ರಿಯ, ಬೆಂಗಳೂರು

ಮಾಗಡಿಯವರೇ, ಕಥೆ ಚೆನ್ನಾಗಿದೆ. ಆದರೆ ಗೇಬಲ್ ಎತ್ತರ 899 ಮೀಟರ್. ನಮ್ಮ ಬೆಂಗಳೂರು ಊರೇ ಹೆಚ್ಚುಕಡಿಮೆ ಅಷ್ಟು ಎತ್ತರದಲ್ಲಿ ಕುಳಿತಿದೆ. ನಿಮ್ಮ ಸಾವನದುರ್ಗ 1,226. ಮೇಲಾಗಿ ಕಾಲುದಾರಿಯಲ್ಲಿ ನಡೆದು ಹೋಗುವುದು ಕ್ಲೈಂಬಿಂಗ್ ಅಲ್ಲ. ಚಂದಾ, ಹಟ್ಟಿ, ಪೊರಕೆ ಇದೆಲ್ಲ ಯಾಕೆ? ನಾವು ರಾಮನಗರಕ್ಕೆ ಹೋಗುವುದಿದ್ದರೆ ಶುಕ್ರವಾರ ವಾಟ್ಸ್ಆ್ಯಪ್‌ನಲ್ಲಿ ಒಂದು ಸಾಲು ಹಾಕುತ್ತೇವೆ, ಶನಿವಾರ ಬೆಳಗಿನ ಜಾವ ಐದಕ್ಕೆ ಹೊರಡುತ್ತೇವೆ, ಹೆಜ್ಜೇನು ಇಲ್ಲದ ಬಂಡೆ ನೋಡಿ ಹತ್ತುತ್ತೇವೆ. ಅಷ್ಟೇ.

ಮಾಗಡಿಯವನು, ಕೆಂಡಾಲ್

ನಡಿಗೆ ಎಂಬುದು ಸರಿ. ಆದರೆ ಅದೇ ಬೆಟ್ಟದ ಮಗ್ಗುಲಲ್ಲಿ ನೇಪ್ಸ್ ನೀಡಲ್ ಎಂಬ ಕಲ್ಲಿನ ಸೂಜಿ ನಿಂತಿದೆ. 1886ರಲ್ಲಿ ಹ್ಯಾಸ್ಕೆಟ್ ಸ್ಮಿತ್ ಹಗ್ಗವಿಲ್ಲದೆ ಒಬ್ಬನೇ ಹತ್ತಿದ. ಆ ಹತ್ತುವಿಕೆಗೆ ಐವತ್ತು ವರ್ಷ ತುಂಬಿದಾಗ, 1936ರಲ್ಲಿ, ಎಪ್ಪತ್ತಾರರ ಮುದುಕನಾಗಿ ಮತ್ತೆ ಹತ್ತಿದ, ಆ ಸಲ ಹಗ್ಗ ಕಟ್ಟಿಕೊಂಡು. ಬನ್ನಿ, ತೋರಿಸುತ್ತೇನೆ.

ವಾಟ್ಸ್ಆ್ಯಪ್ ವಿಷಯ. ನಮ್ಮ ಕಾಲಕ್ಕೆ ಅದಿರಲಿಲ್ಲ, ಮಾಗಡಿ ಬಸ್ ನಿಲ್ದಾಣದ ಹೋಟೆಲಿತ್ತು. ಆರು ಜನ ಸೇರಿ ಒಂದು ಹಗ್ಗ ಕೊಂಡು ನಾಲ್ಕು ವರ್ಷ ಸಾವನದುರ್ಗ ಹತ್ತಿದೆವು. ಎಲ್ಲಿ ಹತ್ತಿದೆವು, ಎಲ್ಲಿ ತಿರುಗಿ ಬಂದೆವು ಎಂದು ಒಂದು ಗೆರೆಯನ್ನೂ ಬರೆದಿಡಲಿಲ್ಲ. ಇಬ್ಬರು ಅಮೆರಿಕಕ್ಕೆ ಹೋದರು, ಒಬ್ಬನಿಗೆ ಮದುವೆಯಾಯಿತು. ಆ ಹಗ್ಗದಲ್ಲಿ ಈಗ ನಮ್ಮಣ್ಣ ತೆಂಗಿನಕಾಯಿ ಮೂಟೆ ಬಿಗಿಯುತ್ತಾನೆ.

ಶಿರಸಿ ಸೊಸೆ, ಪ್ರೆಸ್ಟನ್

ಗಂಡಸರು ಎತ್ತರ ಅಳೆಯುತ್ತಿರಲಿ. ತಂಗಿ, ನೀವು ಇದನ್ನು ಕೇಳಿ. ನವೆಂಬರಿನಲ್ಲಿ ಇಲ್ಲಿ ನಾಲ್ಕೂಕಾಲಿಗೆಲ್ಲ ಸೂರ್ಯ ಮುಳುಗುತ್ತಾನೆ, ಹಣೆಗೆ ಕಟ್ಟುವ ದೀಪ ಕಡ್ಡಾಯ. ನಾನು ಒಂದು ವರ್ಷ ಮೊಬೈಲ್ ಬೆಳಕು ಸಾಕೆಂದು ಹೋಗಿ, ಚಳಿಗೆ ಬ್ಯಾಟರಿ ಸತ್ತು, ಬೆಟ್ಟಗಳ ನಡುವಿನ ಸ್ಟೈ ಹೆಡ್ ಕಣಿವೆದಾರಿಯಿಂದ ಕೆಳಗೆ ಅಪರಿಚಿತರೊಬ್ಬರ ಬೆನ್ನು ನೋಡಿಕೊಂಡು ಇಳಿದೆ. ಸೀತ್‌ವೇಟ್ ಕಡೆಯಿಂದ ಹತ್ತುವುದಾದರೆ ಅದು ಇಂಗ್ಲೆಂಡಿನಲ್ಲೇ ಅತಿ ಹೆಚ್ಚು ಮಳೆಗೆ ಹೆಸರಾದ ಊರು. ನಮ್ಮ ಮಲೆನಾಡಿನ ಮಳೆ ಮೇಲಿನಿಂದ ಬೀಳುತ್ತದೆ, ಅಲ್ಲಿಯದು ಅಡ್ಡಡ್ಡ ಬರುತ್ತದೆ, ಕೊಡೆ ಬಿಚ್ಚಿದರೆ ನಗುತ್ತಾರೆ. ಜೀನ್ಸ್ ಬೇಡ. ಎರಡು ಜೊತೆ ಕೈಗವಸು ಇರಲಿ, ಒಂದು ಒದ್ದೆಯಾಗುವುದು ಖಂಡಿತ. ಹನ್ನೊಂದಕ್ಕೆ ಮೌನ, ಅದಕ್ಕೆ ಅರ್ಧ ಗಂಟೆ ಮೊದಲೇ ತುದಿ ಸೇರಿದರೆ ಗಾಳಿಗೆ ಮರೆಯಾದ ಕಲ್ಲು ಸಿಗುತ್ತದೆ.

ಜೆ.ಸಿ. ನಗರದವನು, ಲೀಡ್ಸ್

ಸ್ಮಾರಕದ ಮಾತಿಗೆ ನನ್ನದೊಂದು ಸೇರಿಸುತ್ತೇನೆ. ನಾನು ಬೆಳೆದ ಜೆ.ಸಿ. ನಗರದಲ್ಲಿ ಮೈಸೂರು ಲ್ಯಾನ್ಸರ್ಸ್ ಸ್ಮಾರಕವಿದೆ. 1918ರ ಸೆಪ್ಟೆಂಬರ್ 23ರಂದು ಹೈಫಾ ಪಟ್ಟಣ ಗೆದ್ದ ಕುದುರೆ ಪಡೆಗಳಲ್ಲಿ ಅವರೂ ಇದ್ದರು. ಅದೇ ಯುದ್ಧ, ಅದೇ ವರ್ಷಗಳು. ಚಿಕ್ಕಂದಿನಲ್ಲಿ ಆ ಕಂಬದ ಹತ್ತಿರ ನಾವು ಕ್ರಿಕೆಟ್ ಆಡಿದ್ದುಂಟು, ಯಾರ ಹೆಸರೆಂದು ಓದಿದ್ದಿಲ್ಲ. ಇಲ್ಲಿಗೆ ಬಂದು ಗೇಬಲ್ ಹತ್ತಿದ ಮೇಲೆ, ಊರಿಗೆ ಹೋದಾಗ ಮೊದಲ ಸಲ ನಿಂತು ಓದಿದೆ. ಎರಡು ನಿಮಿಷದ ಮೌನದಲ್ಲಿ ನೀವು ಯಾರನ್ನು ನೆನೆಯುತ್ತೀರಿ ಎಂದು ಯಾರೂ ಕೇಳುವುದಿಲ್ಲ.

ಹೊಸಬಳು, ಲ್ಯಾಂಕಾಸ್ಟರ್

ಹೋಗಿ ಬಂದೆ. ತಡವಾಗಿ ಬರೆಯುತ್ತಿದ್ದೇನೆ, ರಾತ್ರಿ ಪಾಳಿ ಇತ್ತು.

ಬೆಟ್ಟ ಹೇಗಿದೆ ಎಂದು ಕೇಳಿದರೆ ಹೇಳಲಾರೆ, ಮಂಜಿನಲ್ಲಿ ಮುಂದಿನವರ ಚೀಲ ಬಿಟ್ಟು ಏನೂ ಕಾಣಲಿಲ್ಲ. ಕೊನೆಯ ಅರ್ಧ ಗಂಟೆ ಬರೀ ಕಲ್ಲು, ಕೈ ಊರಿ ಹತ್ತಿದೆ. ತುದಿಯಲ್ಲಿ ಮೊದಲು ನಾಲ್ಕೈದು ಜನ ಕಂಡರು, ಗಾಳಿ ಮಂಜನ್ನು ಒಂದು ಕ್ಷಣ ಸರಿಸಿದಾಗ ಸುತ್ತಲಿನ ಬಂಡೆಗಳ ಮೇಲೆಲ್ಲ ಜನವೋ ಜನ, ಮಕ್ಕಳು, ನಾಯಿಗಳು, ಮತ್ತೆ ಎಲ್ಲ ಮುಚ್ಚಿಹೋಯಿತು. ಮೌನದ ಹೊತ್ತಿನಲ್ಲಿ ಕೇಳಿಸಿದ್ದು ಮಳೆಯಂಗಿಗಳು ಗಾಳಿಗೆ ಪಟಪಟ ಬಡಿದುಕೊಳ್ಳುವ ಸದ್ದು ಮಾತ್ರ. ನನ್ನ ಪಕ್ಕದ ನಾಯಿ ನಡುಗುತ್ತಾ ನನ್ನ ಕಾಲಿಗೆ ಒರಗಿ ನಿಂತಿತ್ತು. ಜನ ಚದುರಿದ ಮೇಲೆ ಕೈಗವಸು ತೆಗೆದು ಫಲಕದ ಮೇಲೆ ಬೆರಳಾಡಿಸಿ ಹರ್ಫರ್ಡ್ ಹೆಸರು ಹುಡುಕಿದೆ. ಬೆರಳು ಮರಗಟ್ಟಿ, ಇಳಿಯುವವರೆಗೂ ನೆಟ್ಟಗಾಗಲಿಲ್ಲ. ಶಿರಸಿ ಅಕ್ಕ, ಎರಡನೆಯ ಜೊತೆ ಕೈಗವಸು ಆಗ ಉಪಯೋಗಕ್ಕೆ ಬಂತು.

ಹುಣಸೆ ಗೊಜ್ಜಿನ ಡಬ್ಬಿ ಶುಕ್ರವಾರ ರಾತ್ರಿಯೇ ಖಾಲಿ. ಶನಿವಾರ ನಾನು ಬ್ರೆಡ್ಡು ತಿಂದೆ. ಹಟ್ಟಿಯಲ್ಲಿ ನನ್ನ ಪಾಲಿಗೆ ಬಂದದ್ದು ಒಲೆ ಒರೆಸುವ ಕೆಲಸ. ಫೆಬ್ರವರಿಯಲ್ಲಿ ಕಿಟಕಿಗಳಿಗೆ ಬಣ್ಣ ಬಳಿಯುವುದಿದೆ, ಬರುತ್ತೀಯಾ ಎಂದು ಕೇಳಿದ್ದಾರೆ. ಮಾಗಡಿ ಅಣ್ಣ, ಅದಕ್ಕೆ ಹಳೆಯ ಚೂಡಿದಾರ ಸಾಕೇ?

ಮಾಗಡಿಯವನು, ಕೆಂಡಾಲ್

ಸಾಕು. ದುಪಟ್ಟಾ ಮನೆಯಲ್ಲಿ ಬಿಟ್ಟು ಬನ್ನಿ. ಗೊಜ್ಜು ಎರಡು ಡಬ್ಬಿ ತನ್ನಿ.