ಕ್ಯಾಲಿಫೋರ್ನಿಯಾ: ಕೆಲಸದಲ್ಲಾದ ಮಾನಸಿಕ ಆಘಾತದ ಪರಿಹಾರಕ್ಕೆ ಆರು ತಿಂಗಳ ನಿಯಮ ಅಡ್ಡಿಯೇ?

ಪ್ರಶ್ನೆ:
ನನ್ನ ಭಾವಮೈದುನ ಫ್ರೀಮಾಂಟ್‌ನ ಅಂಗಡಿಯೊಂದರಲ್ಲಿ ರಾತ್ರಿ ಪಾಳಿಯ ಕ್ಯಾಷಿಯರ್ ಆಗಿ ಸೇರಿ ನಾಲ್ಕು ತಿಂಗಳಾಗಿತ್ತು. ಕಳೆದ ತಿಂಗಳು ಇಬ್ಬರು ಒಳನುಗ್ಗಿ, ಅವನ ಹಣೆಗೆ ಪಿಸ್ತೂಲು ಹಿಡಿದು ಗಲ್ಲಾಪೆಟ್ಟಿಗೆಯನ್ನು ದೋಚಿದರು. ಮೈಮೇಲೆ ಒಂದು ಗೀರೂ ಇಲ್ಲ. ಆದರೆ ಅಂದಿನಿಂದ ನಿದ್ರೆಯಿಲ್ಲ, ಬಾಗಿಲಿನ ಸದ್ದಾದರೆ ಬೆವರುತ್ತಾನೆ. ಪೆಟ್ಟಾಗಿಲ್ಲ, ಆರು ತಿಂಗಳೂ ತುಂಬಿಲ್ಲವೆಂದು ಹೇಳಿ ಮ್ಯಾನೇಜರ್ ಕ್ಲೇಮ್ ನಮೂನೆಯನ್ನೇ ಕೊಟ್ಟಿಲ್ಲ. ಊರಿನಲ್ಲಿದ್ದಾಗ ಅವನು ಖಿನ್ನತೆಗೆ ಮಾತ್ರೆ ತೆಗೆದುಕೊಂಡಿದ್ದ, ಅದನ್ನು ಹೇಳಬೇಕೇ?

ಉತ್ತರ 1:
ಮ್ಯಾನೇಜರ್ ಹೇಳಿದ್ದು ಅರ್ಧ ಸತ್ಯ. ಅಲ್ಲಿನ ಕಾರ್ಮಿಕ ಸಂಹಿತೆಯ 3208.3ನೇ ಸೆಕ್ಷನ್ ಮಾನಸಿಕ ಗಾಯಕ್ಕೆ ಆರು ತಿಂಗಳ ಸೇವೆಯನ್ನು ಕೇಳುವುದು ನಿಜವಾದರೂ, ಹಠಾತ್ತಾಗಿ ಒದಗಿದ ಅಸಾಧಾರಣ ಘಟನೆಯಿಂದಾದ ಗಾಯಕ್ಕೆ ಆ ಷರತ್ತು ಅನ್ವಯಿಸುವುದಿಲ್ಲ. ರಾತ್ರಿ ಅಂಗಡಿಗಳಲ್ಲಿ ದರೋಡೆ ಮಾಮೂಲು ಎಂದು ಮಾಲೀಕರ ವಿಮಾ ಕಂಪನಿ ವಾದಿಸಬಹುದು. ಆದ್ದರಿಂದ ಆ ಅಂಗಡಿಯಲ್ಲಿ ಹಿಂದೆ ಇಂಥದ್ದು ನಡೆದಿತ್ತೇ ಎಂಬುದನ್ನು ವಿಚಾರಿಸಿಡಿ, ಪೊಲೀಸ್ ವರದಿಯ ಪ್ರತಿಯನ್ನೂ ಪಡೆಯಿರಿ. ಸಾಮಾನ್ಯ ಒತ್ತಡದ ಪ್ರಕರಣಗಳಲ್ಲಿ ಕೆಲಸವೇ ಶೇ. 50ಕ್ಕಿಂತ ಹೆಚ್ಚಿನ ಕಾರಣವೆಂದು ತೋರಿಸಬೇಕಾಗುತ್ತದೆ, ಆದರೆ ಹಿಂಸಾಕೃತ್ಯಕ್ಕೆ ತುತ್ತಾದವರಿಗೆ ಶೇ. 35ರಿಂದ 40ರಷ್ಟು ಸಾಕು. ಗಾಯದ ವಿಷಯ ತಿಳಿದ ಒಂದು ಕೆಲಸದ ದಿನದೊಳಗೆ ಡಿಡಬ್ಲ್ಯೂಸಿ-1 ಎಂಬ ಕ್ಲೇಮ್ ನಮೂನೆಯನ್ನು ಕೊಡುವುದು ಮಾಲೀಕರ ಹೊಣೆ. ಅವರು ಕೊಡದಿದ್ದರೆ ರಾಜ್ಯದ ಕಾರ್ಮಿಕ ಪರಿಹಾರ ವಿಭಾಗದ ಜಾಲತಾಣದಿಂದ ಇಳಿಸಿಕೊಂಡು, ತುಂಬಿ ಸಲ್ಲಿಸಿ. ಆಮೇಲೆ ವಿಮಾ ಕಂಪನಿ 90 ದಿನಗಳೊಳಗೆ ತಿರಸ್ಕರಿಸದಿದ್ದರೆ ಗಾಯವು ಪರಿಹಾರಾರ್ಹವೆಂದೇ ಭಾವಿಸಲಾಗುತ್ತದೆ. ತೀರ್ಮಾನವಾಗುವವರೆಗೂ 10,000 ಡಾಲರ್‌ವರೆಗಿನ ಚಿಕಿತ್ಸೆ ಸಿಗಬೇಕು.

ಉತ್ತರ 2:
ಮಾತ್ರೆಯ ವಿಷಯವನ್ನು ದಯವಿಟ್ಟು ಮುಚ್ಚಿಡಬೇಡಿ. ನನ್ನ ಪ್ರಕರಣದಲ್ಲಿ ನಾನು ಮುಚ್ಚಿಟ್ಟಿದ್ದೆ. ತಪಾಸಣೆಗೆ ನೇಮಕವಾದ ಮನೋವೈದ್ಯರ ಮುಂದೆ ಹಳೆಯ ದಾಖಲೆ ಬಂದ ಮೇಲೆ, ನಾನು ಹೇಳಿದ ನಿಜಗಳನ್ನೂ ಅವರು ಸಂಶಯದಿಂದಲೇ ನೋಡಿದರು. ಹಳೆಯ ಖಿನ್ನತೆಯಿಂದ ಕ್ಲೇಮ್ ತಾನಾಗಿ ಬಿದ್ದುಹೋಗುವುದಿಲ್ಲ. ಶಾಶ್ವತ ಅಂಗವೈಕಲ್ಯದ ಹಣದಲ್ಲಿ ಹಳೆಯ ಕಾಯಿಲೆಯ ಪಾಲನ್ನು ಕಳೆಯಬಹುದಷ್ಟೆ, ಚಿಕಿತ್ಸೆಯ ವೆಚ್ಚವನ್ನು ಹಾಗೆ ಪಾಲು ಮಾಡುವಂತಿಲ್ಲ.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಕೃತಜ್ಞತೆಗಳು. ನಮೂನೆಯನ್ನು ನಾಳೆಯೇ ಸಲ್ಲಿಸುತ್ತೇವೆ. ಅವನ ಇಂಗ್ಲಿಷ್ ಅಷ್ಟಕ್ಕಷ್ಟೆ. ತಪಾಸಣೆಗೆ ನಾನೇ ಜೊತೆಗೆ ಹೋಗಿ ಅನುವಾದಿಸಬಹುದೇ?

ಉತ್ತರ 1:
ಬೇಡ. ಕನ್ನಡ ದುಭಾಷಿ ಬೇಕೆಂದು ಮೊದಲೇ ಬರಹದಲ್ಲಿ ಕೇಳಿ. ಅದರ ವೆಚ್ಚ ವಿಮಾ ಕಂಪನಿಯದು. "ಎದೆ ಧಸಕ್ಕೆನ್ನುತ್ತದೆ" ಎಂದು ಅವನು ಹೇಳಿದ್ದನ್ನು ಮನೆಯವರು ಮರ್ಯಾದೆಗಂಜಿ "ಸ್ವಲ್ಪ ಗಾಬರಿ" ಎಂದು ಅನುವಾದಿಸಿದರೆ, ವರದಿಯಲ್ಲಿ ಸ್ವಲ್ಪ ಗಾಬರಿಯೇ ಉಳಿಯುತ್ತದೆ.