ಅಪ್‌ಡೇಟ್: ಶಿರಸಿ ತೋಟದ ಹಳದಿ ಅಡಿಕೆ ಸಸಿಗಳು

ಮಳೆಗಾಲದಲ್ಲಿ ಕೇಳಿದ್ದೆ: ತಗ್ಗಿನ ಕಡೆಯ ಅಡಿಕೆ ಸಸಿಗಳು ಹಳದಿಯಾಗುತ್ತಿವೆ, ಯೂರಿಯಾ ಹಾಕಲಾ ಅಂತ. ಮೊದಲು ಎಲೆಯ ಪತ್ರಹರಿತ್ತು (ಹಸಿರು ಬಣ್ಣ ಕೊಡುವ ವಸ್ತು) ಅಳೆಸಿ ಎಂದಿರಿ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಕೃಷಿ ಓದುತ್ತಿರುವ ಅಕ್ಕನ ಮಗ ಅದನ್ನು ಅಳೆಯುವ ಸ್ಪ್ಯಾಡ್ ಮೀಟರ್ ತಂದಿದ್ದ. ಎಲೆ ಕೀಳಬೇಕಿಲ್ಲ, ಅದರ ಬಾಯಿಗೆ ಕೊಟ್ಟರೆ ಸಾಕು. 650 ನ್ಯಾನೋಮೀಟರಿನ ಕೆಂಪು ಬೆಳಕು, 940ರ ಇನ್‌ಫ್ರಾರೆಡ್ ಬೆಳಕು ಎರಡನ್ನೂ ಹಾಯಿಸುತ್ತದೆ. ಪತ್ರಹರಿತ್ತು ಕೆಂಪನ್ನು ಜಾಸ್ತಿ ಹೀರುತ್ತದೆ, ಇನ್ನೊಂದನ್ನು ಹೀರುವುದೇ ಇಲ್ಲ ಅನ್ನಬಹುದು. ಆ ವ್ಯತ್ಯಾಸದಿಂದ ಒಂದು ಸಂಖ್ಯೆ ಬರುತ್ತದೆ. ಬರೀ ಸಂಖ್ಯೆ ನೋಡಿ ಪ್ರಯೋಜನವಿಲ್ಲ. ಒಂದೇ ವಯಸ್ಸಿನ ಸಸಿ, ಒಂದೇ ಸ್ಥಾನದ ಎಲೆ ಹೋಲಿಸಬೇಕು.

ಹಾಗೆ ಹೋಲಿಸಿದಾಗ ದಿಬ್ಬದ ಸಸಿಗಳಿಗಿಂತ ತಗ್ಗಿನವುಗಳ ಸಂಖ್ಯೆ ತುಂಬಾ ಕಡಿಮೆ, ಅಂದರೆ ಹಸಿರು ಕಡಿಮೆ ಇತ್ತು. ಗೊಬ್ಬರ ಎರಡೂ ಕಡೆ ಒಂದೇ. ಅಗೆದರೆ ಬುಡದಲ್ಲಿ ನೀರು! ಗಾಳಿ ಸಿಗದ ಬೇರು ಪೋಷಕಾಂಶ ಎಳೆಯುವುದಾದರೂ ಹೇಗೆ, ಅಲ್ವಾ? ಬಸಿಗಾಲುವೆ ಆಳ ಮಾಡಿಸಿದೆವು. ಯೂರಿಯಾ ಹಾಕಲಿಲ್ಲ. ಈಗ ಹೊಸ ಎಲೆಗಳ ಅಳತೆ ದಿಬ್ಬದವುಗಳ ಹತ್ತಿರ ಬಂದಿದೆ, ನನಗಂತೂ ಬಹಳ ಸಮಾಧಾನ.

ಒಂದು ಮಾತು. ಮೀಟರ್ ಕಾಯಿಲೆಯ ಹೆಸರು ಹೇಳುವುದಿಲ್ಲ. ಸಾರಜನಕ, ಮೆಗ್ನೀಸಿಯಂ, ರೋಗ, ನಿಂತ ನೀರು, ಯಾವುದರಿಂದಲೂ ಹಸಿರು ಇಳಿಯಬಹುದು. ಅದೂ ಈ ಮೀಟರಿನಲ್ಲಿ ತಡವಾಗಿ ಗೊತ್ತಾಗುತ್ತದೆ. ಪತ್ರಹರಿತ್ತು ಹೊಮ್ಮಿಸುವ ಮಂದ ಬೆಳಕನ್ನು ಅಳೆಯುವ ಫ್ಲೋರೊಮೀಟರ್ ಎಷ್ಟೋ ಸಲ ಹಳದಿ ಕಾಣುವ ಮೊದಲೇ ಸುಳಿವು ಕೊಡುತ್ತದೆ. ಕತ್ತಲಲ್ಲಿಟ್ಟ ಆರೋಗ್ಯವಂತ ಎಲೆಯಲ್ಲಿ ಅದರ ಅಳತೆ 0.83ರ ಆಸುಪಾಸು, ಒತ್ತಡ ಬಿದ್ದರೆ ಇಳಿಯುತ್ತದೆ. ಅಂಥದ್ದು ನಮ್ಮ ಕಡೆ ಬಾಡಿಗೆಗೆ ಸಿಗುತ್ತದಾ? ಗೊತ್ತಿದ್ದವರು ತಿಳಿಸಿ.